ಎರಡು ಸಲ ಒತ್ತಿದೆ, ಏನೂ ಆಗಲಿಲ್ಲ!

ಕಳೆದ ತಿಂಗಳ ಒಂದು ಶನಿವಾರ. ತಿಂಡಿ ಮುಗಿಸಿ ಪೇಪರ್ ಕೈಗೆ ತಗೊಂಡಿದ್ದೆ ಅಷ್ಟೆ, ಗೇಟು ಕಿರ್ ಅಂತು. ನೋಡಿದರೆ ನಮ್ಮ ಶ್ರೀನಗರದ ಮನೆಯಿಂದ ಎರಡು ಮನೆ ಆಚೆ ಇರುವ ಮೇಷ್ಟ್ರು. ಹುಷಾರಿಲ್ಲದ ಮಗುವನ್ನ ಡಾಕ್ಟರ ಹತ್ತಿರ ಎತ್ಕೊಂಡು ಬಂದ ಹಾಗೆ ಹೊಸ ಲ್ಯಾಪ್‌ಟಾಪನ್ನ ಎದೆಗೆ ಅವಚಿಕೊಂಡಿದ್ದರು.

"ನೋಡಮ್ಮ, ಒತ್ತಿದ್ರೆ ಏನೂ ಆಗ್ತಿಲ್ಲ. ತಪ್ಪು ಅಂತಾನೂ ಹೇಳಲ್ಲ, ಸರಿ ಅಂತಾನೂ ಹೇಳಲ್ಲ. ಸುಮ್ನೆ ಇದ್ದುಬಿಡತ್ತೆ."

ಸಾಫ್ಟ್‌ವೇರ್ ಕೆಲಸ ಅಂದಮೇಲೆ ಬೀದಿಯ ಪ್ರಿಂಟರು, ಟೀವಿ ರಿಮೋಟು, ಗ್ಯಾಸ್ ಬುಕಿಂಗು ಎಲ್ಲಾ ನಮ್ಮ ತಲೆಗೇ ಕಟ್ಟೋದು ವಾಡಿಕೆ :) ನಾನು ಆಫೀಸಿನಲ್ಲಿ ಮಾಡೋದು ಬ್ಯಾಂಕಿನ ಸರ್ವರ್ ಕೆಲಸ, ಡೆಸ್ಕ್‌ಟಾಪ್ ಪ್ರೋಗ್ರಾಂ ಮುಟ್ಟಿ ಕಾಲೇಜು ದಿನಗಳಷ್ಟು ಹಿಂದಾಯಿತು ಅಂತ ಯಾರಿಗೆ ಹೇಳೋದು? ಆದ್ರೆ ಈ ಸಲ ವಿಷಯ ಬೇರೆ ಇತ್ತು.

ಮೇಷ್ಟ್ರ ಊರು ಮಾಗಡಿ ಕಡೆ. ರಿಟೈರ್ ಆದಮೇಲೆ, 2003ರಿಂದ 2009ರವರೆಗೆ, ಊರಿನ ಹಿರಿಯರನ್ನ ಕೂರಿಸಿಕೊಂಡು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದು ರಾತ್ರಿ ಹೊತ್ತು ಕಂಪ್ಯೂಟರಿಗೆ ಹಾಕಿದ್ದಾರೆ. ಕೆರೆ ಕಟ್ಟಿದ್ದು, ಪ್ಲೇಗು ಬಂದಾಗ ಊರು ಬಿಟ್ಟು ಗುಡಿಸಲಲ್ಲಿ ಇದ್ದದ್ದು, ಯಾವ ಹೊಲಕ್ಕೆ ಯಾಕೆ ಆ ಹೆಸರು ಬಂತು, ಹೀಗೆ. ಒಟ್ಟು 212 ಪುಟ. ಹೇಳಿದವರಲ್ಲಿ ಈಗ ಇಬ್ಬರು ಮಾತ್ರ ಉಳಿದಿದ್ದಾರಂತೆ. ಕೈಬರಹದ ನೋಟ್‌ಬುಕ್ಕುಗಳು ಮನೆ ಬದಲಾಯಿಸುವಾಗ ಹೋದವು. ಉಳಿದದ್ದು ಒಂದು ಪೆನ್‌ಡ್ರೈವಿನಲ್ಲಿರುವ ಫೈಲುಗಳು, ಅವನ್ನು ಟೈಪ್ ಮಾಡಿದ್ದು ಆ ಕಾಲದ ಒಂದು ಕನ್ನಡ ಪ್ಯಾಕೇಜಿನಲ್ಲಿ (ಹೆಸರು ಬೇಡ, ಮಾರಿದ ಅಂಗಡಿಯೂ ಈಗಿಲ್ಲ). ಫೈಲಿನ ರೂಪ ಅದರದ್ದೇ ಸ್ವಂತ. ಬೇರೆ ಯಾವುದರಲ್ಲಿ ತೆರೆದರೂ ಕಾಣೋದು ಬರೀ ಕಾಗೆಕಾಲು ಗುಬ್ಬಿಕಾಲು. ಅಂದರೆ ಆ ಪ್ರೋಗ್ರಾಂ ಶುರುವಾಗಬೇಕು, ಇಲ್ಲ ಅಂದ್ರೆ 212 ಪುಟ ಇದ್ದೂ ಇಲ್ಲದ ಹಾಗೆ. ಮೇಷ್ಟ್ರಿಗೆ ಕಣ್ಣು ಬೇರೆ ಮಂಜಾಗ್ತಿದೆ. ಈ ವರ್ಷವೇ ಅಚ್ಚು ಹಾಕಿಸಬೇಕು ಅಂತ ಹಟ.

ಹಳೇ ಸಿಡಿ ಜೋಪಾನವಾಗಿಟ್ಟಿದ್ದರು. ಇನ್‌ಸ್ಟಾಲ್ ಸರಿಯಾಗಿ ಆಗಿದೆ. ಐಕಾನೂ ಬಂದಿದೆ. ಎರಡು ಸಲ ಒತ್ತಿದೆ. ಕರ್ಸರ್ ಪಕ್ಕ ಆ ನೀಲಿ ಬಳೆ ಒಂದು ಸುತ್ತು ತಿರುಗಿತು, ನಿಂತಿತು. ಅಷ್ಟೆ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಮತ್ತೆ ಒತ್ತಿದೆ. ಪ್ರೋಗ್ರಾಮಿನ ಹೆಸರು ಒಂದು ಕ್ಷಣ ಕಂಡು ಮಾಯ! ಹುಟ್ಟಿ, ಕಣ್ಣು ಬಿಟ್ಟು, ಏನನ್ನೋ ನೋಡಿ, ಒಂದು ಮಾತೂ ಆಡದೆ ಹೋಗಿಬಿಡ್ತಿದೆ.

ಏನನ್ನ ನೋಡಿ? ಅದನ್ನ ಹುಡುಕ್ತಾ ಹೋದಾಗ ಎರಡು ವಾರ ಸಂಜೆಗಳು ಹೋದವು. ಜೊತೆಗೆ ಕನ್ನಡ ಕಂಪ್ಯೂಟರಿಗೆ ಬಂದ ಕಥೆಯಲ್ಲಿ ನನಗೆ ಗೊತ್ತೇ ಇಲ್ಲದ ಒಂದು ತುಣುಕೂ ಸಿಕ್ಕಿತು. ಅದನ್ನ ಬರೆದಿಡೋಣ ಅಂತ ಈ ಪೋಸ್ಟು.

ಮೊದಲು, ಒಂದು ಪ್ರೋಗ್ರಾಂ ಹೇಳದೆ ಕೇಳದೆ ಸುಮ್ಮನಾಗೋದು ಹೇಗೆ ಸಾಧ್ಯ ಅಂತ ನೋಡೋಣ. ಹಳೇ ಡಾಸ್ ಕಾಲದಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಡಾಸ್ ಒರಟು, ಆದ್ರೆ ಬಾಯಿ ಇತ್ತು. ಇರುವುದೇ ಒಂದು ಪರದೆ, ಅದರ ತುಂಬ ಅಕ್ಷರ. ತಪ್ಪಾದರೆ "ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋದು. (ಯುನಿಕ್ಸಿನವರ ಸಂಪ್ರದಾಯ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರೋಗ್ರಾಂ ಏನೂ ಹೇಳಲಿಲ್ಲ ಅಂದ್ರೆ ಎಲ್ಲ ಸುಸೂತ್ರ ಅಂತ. ಮೌನಂ ಸಮ್ಮತಿ ಲಕ್ಷಣಂ!) ಅಂದಹಾಗೆ ಡಾಸ್ ಕಾಲದ ಒಂದು ಗುರುತು ಇವತ್ತಿನ ವಿಂಡೋಸ್ 11ರ ಪ್ರೋಗ್ರಾಂ ಫೈಲುಗಳಲ್ಲೂ ಇದೆ. ಯಾವುದೇ ಎಕ್ಸಿಕ್ಯೂಟಬಲ್ ಫೈಲಿನ ಮೊದಲ ಎರಡು ಅಕ್ಷರ ಎಂ ಮತ್ತು ಝಡ್. ಆ ಫೈಲ್ ರೂಪವನ್ನು ಮಾಡಿದ ಮೈಕ್ರೋಸಾಫ್ಟಿನ ಮಾರ್ಕ್ ಝ್ಬಿಕೋವ್ಸ್ಕಿ ಅವರ ಇನಿಷಿಯಲ್ಲು. ದೇವಸ್ಥಾನದ ಕಲ್ಲಿನಲ್ಲಿ ಶಿಲ್ಪಿ ಹೆಸರು ಕೆತ್ತಿದ ಹಾಗೆ. ಅದರ ಹಿಂದೆಯೇ 'ಈ ಪ್ರೋಗ್ರಾಂ ಡಾಸ್‌ನಲ್ಲಿ ಓಡುವುದಿಲ್ಲ' ಅನ್ನೋ ಅರ್ಥದ ಒಂದು ಸಾಲೂ ಇರತ್ತೆ. ಯಾರಾದರೂ ವಿಂಡೋಸ್ ಪ್ರೋಗ್ರಾಮನ್ನ ಡಾಸ್‌ನಲ್ಲಿ ಒತ್ತಿದರೆ ಪಾಪ ಗೊತ್ತಾಗಲಿ ಅಂತ.

ವಿಂಡೋಸ್ ಬಂದಮೇಲೆ ಕಥೆ ಬದಲಾಯಿತು. 1985ರ ಮೊದಲ ವಿಂಡೋಸ್ 256 ಕಿಲೋಬೈಟ್ ಮೆಮೊರಿಯಲ್ಲಿ ಓಡಬೇಕಿತ್ತು. ಅಷ್ಟು ಜಾಗದಲ್ಲಿ ಪ್ರತಿ ಪ್ರೋಗ್ರಾಮೂ ತನ್ನ ಸಾಮಾನೆಲ್ಲ ತಾನೇ ಹೊತ್ತು ತರೋಕೆ ಆಗಲ್ಲ. ಅದಕ್ಕೆ ಡಿಎಲ್‌ಎಲ್. ನಮ್ಮ ಹನುಮಂತನಗರ, ಗುಟ್ಟಹಳ್ಳಿ ಕಡೆಯ ಹಳೇ ವಠಾರ ನೋಡಿದವರಿಗೆ ಬೇಗ ಅರ್ಥ ಆಗತ್ತೆ. ಎಂಟು ಮನೆ, ಒಂದೇ ಒರಳುಕಲ್ಲು. ಎಲ್ಲರೂ ಅದರಲ್ಲೇ ರುಬ್ಬಿಕೊಳ್ಳೋದು. ಜಾಗ ಉಳೀತು, ದುಡ್ಡೂ ಉಳೀತು. ಆದ್ರೆ ಹೊಸದಾಗಿ ಬಂದ ಮನೆಯವರು "ಇದು ಹಳೇದು" ಅಂತ ಒರಳನ್ನೇ ಬದಲಾಯಿಸಿದರೆ? ಉಳಿದ ಏಳು ಮನೆಯವರ ಗುಂಡುಕಲ್ಲು ಅದಕ್ಕೆ ಕೂರಲ್ಲ. 90ರ ದಶಕದಲ್ಲಿ ಆದದ್ದು ಇದೇ. ಒಂದು ಪ್ರೋಗ್ರಾಂ ಹಾಕಿದರೆ ಇನ್ನೊಂದು ನಿಲ್ಲೋದು. ಇದಕ್ಕೆ 'ಡಿಎಲ್‌ಎಲ್ ಹೆಲ್' ಅಂತಲೇ ಹೆಸರು ಬಿತ್ತು. ವಿಂಡೋಸ್ 2000 ಬಂದಾಗ ಸಿಸ್ಟಂ ಫೈಲುಗಳಿಗೆ ಕಾವಲು ಹಾಕಿದರು, 2001ರ ಎಕ್ಸ್‌ಪಿಯಲ್ಲಿ ಒಂದೇ ಡಿಎಲ್‌ಎಲ್‌ನ ಹಲವು ಆವೃತ್ತಿಗಳನ್ನು ಅಕ್ಕಪಕ್ಕ ಇಡೋ ವ್ಯವಸ್ಥೆ ಬಂತು. ವಠಾರ ಹೋಗಿ ಅಪಾರ್ಟ್‌ಮೆಂಟ್ ಆಯಿತು ಅನ್ನಿ.

ಆದರೂ ಡಿಎಲ್‌ಎಲ್ ಸಿಗದಿದ್ದರೆ ವಿಂಡೋಸ್ ಸಾಮಾನ್ಯವಾಗಿ ಒಂದು ಡಬ್ಬಿ ತೋರಿಸಿ ಇಂಥದ್ದು ಸಿಗಲಿಲ್ಲ ಅಂತ ಹೇಳತ್ತೆ. ಅಂದ್ರೆ ಮೌನಕ್ಕೆ ಬೇರೆ ಕಾರಣಗಳಿರಬೇಕು. ಹುಡುಕಿದರೆ ಸುಮಾರಿವೆ. ಪ್ರೋಗ್ರಾಮುಗಳು ಬೇಕೆಂದರೆ 'ದೋಷದ ಡಬ್ಬಿ ತೋರಿಸಬೇಡ' ಅಂತ ವಿಂಡೋಸಿಗೆ ಹೇಳಬಹುದು. ಇದರಲ್ಲಿ ತಮಾಷೆ ಅಂದ್ರೆ, ಹಾಗೆ ಹೇಳಿದ ಪ್ರೋಗ್ರಾಂ ಇನ್ನೊಂದನ್ನು ಶುರು ಮಾಡಿದರೆ ಆ ಅಪ್ಪಣೆ ಅದಕ್ಕೂ ಅನುವಂಶಿಕವಾಗಿ ಹೋಗತ್ತೆ. ಅಪ್ಪ ಬಾಯಿ ಮುಚ್ಚಿಕೊಂಡರೆ ಮಗನಿಗೂ ಮಾತು ನಿಂತ ಹಾಗೆ. ಜಾವಾದಲ್ಲಿ ಬರೆದ ಪ್ರೋಗ್ರಾಮುಗಳನ್ನು ಕಪ್ಪು ಕಿಟಕಿ ಇಲ್ಲದೆ ಶುರು ಮಾಡಿದರೆ ಅವು ಕೂಗಿ ಹೇಳಿದ್ದೂ ಎಲ್ಲಿಗೂ ತಲುಪಲ್ಲ. ಇನ್ನು ಕೆಲವು ಪ್ರೋಗ್ರಾಂ ಒಂದು ಸಲಕ್ಕೆ ಒಂದೇ ಓಡಬೇಕು ಅಂತ ನಿಯಮ ಇಟ್ಟುಕೊಂಡಿರ್ತವೆ. ಹಳೇ ಪ್ರತಿ ಕಿಟಕಿ ಇಲ್ಲದೆ ಹಿಂದೆಲ್ಲೋ ಸಿಕ್ಕಿಕೊಂಡಿದ್ದರೆ ಹೊಸದು ಅದನ್ನ ನೋಡಿ ಸುಮ್ಮನೆ ವಾಪಸ್. ಹಳೇ ಡಿಟಿಪಿ ಪ್ಯಾಕೇಜುಗಳಿಗೆ ಪ್ರಿಂಟರ್ ಪೋರ್ಟಿಗೆ ಚುಚ್ಚೋ ಒಂದು ಹಾರ್ಡ್‌ವೇರ್ ಲಾಕ್ ಬೇರೆ ಬರ್ತಿತ್ತು. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. (ಮೇಷ್ಟ್ರ ಪ್ಯಾಕೇಜಿಗೆ ಪುಣ್ಯಕ್ಕೆ ಲಾಕ್ ಇರಲಿಲ್ಲ. ಮೊದಲು ಕೇಳಿದ್ದೇ ಅದನ್ನ.)

ಎಲ್ಲಕ್ಕಿಂತ ದೊಡ್ಡ ಕಾರಣ ಮಾತ್ರ ಬರೆದವರ ಸೋಮಾರಿತನ. ವಿಷುವಲ್ ಬೇಸಿಕ್ 1991ರಲ್ಲಿ ಬಂತು, ಅದರ 6ನೇ ಆವೃತ್ತಿ 1998ರಲ್ಲಿ. ನಮ್ಮಲ್ಲಿ ಆ ಕಾಲದ ಸಣ್ಣಪುಟ್ಟ ಪ್ರೋಗ್ರಾಮುಗಳಿಗೆಲ್ಲ ಅದೇ ಮನೆದೇವರು. ಅದರಲ್ಲೊಂದು ಸಾಲು ಬರೆಯಬಹುದು: 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್'. ಏನಾದರೂ ಕೆಟ್ಟರೆ ತಲೆ ಕೆಡಿಸ್ಕೋಬೇಡ, ಮುಂದಿನ ಸಾಲಿಗೆ ಹೋಗು ಅಂತ. ಗಿರಾಕಿ ಮುಂದೆ ಡೆಮೋ ಕೊಡೋವಾಗ ಮರ್ಯಾದೆ ಉಳಿಸತ್ತೆ. ಇಪ್ಪತ್ತು ವರ್ಷ ಆದಮೇಲೆ ಶ್ರೀನಗರದಲ್ಲಿ ಒಬ್ಬರು ಎರಡು ಸಂಜೆ ಕೂತರೂ ಏನು ಕೆಟ್ಟಿದೆ ಅಂತ ಗೊತ್ತಾಗದ ಹಾಗೆ ಮಾಡತ್ತೆ. ಮೇಷ್ಟ್ರ ಪ್ಯಾಕೇಜ್ ಬರೆದದ್ದು ವಿಬಿ 6ರಲ್ಲೇ ಅಂತ ಅದು ಕೇಳುವ ಡಿಎಲ್‌ಎಲ್‌ಗಳಿಂದ ತಿಳಿಯಿತು. ವಿಬಿ 6ರ ಮೂಲ ಡಿಎಲ್‌ಎಲ್ ವಿಂಡೋಸ್ 11ರ ಜೊತೆಗೂ ಬರತ್ತೆ. ಹಾಗಾಗಿ ಅದರ ಕೊರತೆ ಅಲ್ಲ.

ಆಗ ಒಂದು ಸುಳಿವು ಸಿಕ್ಕಿತು ಅಂದುಕೊಂಡೆ. ಐಕಾನ್ ಮೇಲೆ ಬಲಗುಂಡಿ ಒತ್ತಿ 'ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು' ಅಂದೆ. ಪಾಸ್‌ವರ್ಡ್ ಕೇಳಿತು. ಲ್ಯಾಪ್‌ಟಾಪ್ ಸಿದ್ಧಮಾಡಿಕೊಟ್ಟದ್ದು ಮೊಮ್ಮಗ, ಪಿಯುಸಿ ಹುಡುಗ. ಅವನಿಗೆ ಫೋನ್ ಮಾಡಿ ಕೇಳಿ ಹಾಕಿದರೆ... ಪ್ರೋಗ್ರಾಂ ಬಂತು! ಬೂದು ಬಣ್ಣದ ಕಿಟಕಿ, ಮೇಲೆ ಹಳೇ ಕಾಲದ ಟೂಲ್‌ಬಾರು. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. ನಾನು ದೊಡ್ಡದಾಗಿ "ಪರ್ಮಿಷನ್ ತೊಂದರೆ ಸಾರ್, ಅಷ್ಟೇ" ಅಂತ ಘೋಷಿಸಿದೆ. ಪ್ರೋಗ್ರಾಂ ಇರೋ ಫೋಲ್ಡರಿಗೆ ಎಲ್ಲ ಅನುಮತಿ ಕೊಟ್ಟೆ. ರಿಜಿಸ್ಟ್ರಿಗೂ ಕೊಟ್ಟೆ. ಮಾಮೂಲಾಗಿ ಒತ್ತಿದರೆ ಮತ್ತೆ ಮೌನ. ಒಂದು ಸಂಜೆ ಪೂರ್ತಿ ಇದರಲ್ಲೇ ಕಳೆದೆ. ಮೊಮ್ಮಗನ ಪಾಸ್‌ವರ್ಡ್ ಹಾಕಿಕೊಂಡೇ ನಡೆಸಬಹುದಿತ್ತು, ಆದ್ರೆ ಆ ಹುಡುಗ ಮುಂದೆ ಹಾಸ್ಟೆಲ್ಲಿಗೆ ಹೋಗೋನು, ಮೇಷ್ಟ್ರು ದಿನಾ ಕೂತು ತಿದ್ದಬೇಕಾದ ಕೆಲಸ. ಅಲ್ಲದೆ, ನಿಜ ಹೇಳ್ತೀನಿ, ಯಾಕೆ ಅಂತ ಗೊತ್ತಾಗದೆ ಬಿಡೋಕೆ ನನಗೇ ಆಗ್ತಿರಲಿಲ್ಲ.

ಈಗ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಕನ್ನಡದ ವಿಷಯಕ್ಕೆ ಬರ್ತೀನಿ. ಮುಂದಿನದು ಅರ್ಥ ಆಗಬೇಕಂದ್ರೆ ಇದು ಬೇಕು.

ಕಂಪ್ಯೂಟರಿನಲ್ಲಿ ಕನ್ನಡ ಅಂದ ತಕ್ಷಣ ಮೊದಲು ನೆನೆಯಬೇಕಾದವರು ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾವ್. ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಣೆಯ ಜಾಡು ಹಿಡಿದು ಕನ್ನಡ ಟೈಪ್ ಮಾಡುವ ವಿನ್ಯಾಸ ಅವರದ್ದು. ಅವರ 'ಸೇಡಿಯಾಪು' ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು. ಇವತ್ತು ನಾವು ನುಡಿ ಕೀಲಿಮಣೆ, ಕೆಜಿಪಿ ಕೀಲಿಮಣೆ ಅನ್ನೋದರ ಬೇರು ಅಲ್ಲಿದೆ. ಆಮೇಲೆ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಎಷ್ಟೋ ಜನ ಮನೆಯ ಕಂಪ್ಯೂಟರಿನಲ್ಲಿ ಮೊದಲ ಸಲ ಕನ್ನಡ ಬರೆದದ್ದು ಅದರಲ್ಲೇ. ನಂತರ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ಸರ್ಕಾರದ ಜೊತೆಗೂಡಿ 'ನುಡಿ' ತಂದಿತು, ಸರ್ಕಾರಿ ಕಚೇರಿಗಳಿಗೆಲ್ಲ ಅದು ಹೋಯಿತು. ಅಚ್ಚುಕೂಟದವರ ಬಳಿ ಶ್ರೀಲಿಪಿ, ಪ್ರಕಾಶಕ್ ಇದ್ದವು.

ಇವೆಲ್ಲ ಆಗ ಕನ್ನಡ ತೋರಿಸುತ್ತಿದ್ದದ್ದು ಒಂದು ಉಪಾಯದಿಂದ. ಕಂಪ್ಯೂಟರಿನ ಪಾಲಿಗೆ ಒಂದು ಫಾಂಟಿನಲ್ಲಿ 256 ಮನೆ. ಆ ಮನೆಗಳಲ್ಲಿ ಇಂಗ್ಲಿಷ್ ಅಕ್ಷರಗಳು, ಮೇಲರ್ಧದಲ್ಲಿ ಫ್ರೆಂಚ್, ಜರ್ಮನ್‌ನವರ ಚುಕ್ಕಿ ಬಾಲ ಇರುವ ಅಕ್ಷರಗಳು. ನಮ್ಮವರು ಆ ಬಿಡಾರಗಳಲ್ಲೇ ಕನ್ನಡದ ಚೂರುಗಳನ್ನ ಕೂರಿಸಿದರು. ತಲೆಕಟ್ಟು ಒಂದು ಕಡೆ, ಒತ್ತಕ್ಷರ ಒಂದು ಕಡೆ, ಗುಡಿಸು ಸೇರಿದ 'ಕಿ' ಇನ್ನೊಂದು ಕಡೆ. ಕಂಪ್ಯೂಟರಿಗೆ ಇದು ಕನ್ನಡ ಅಂತ ಗೊತ್ತೇ ಇಲ್ಲ. ಯಾರೋ ತಲೆಕೆಟ್ಟವರು ವಿಚಿತ್ರ ಇಂಗ್ಲಿಷ್ ಬರೀತಿದ್ದಾರೆ ಅಂತಲೇ ಅದರ ನಂಬಿಕೆ. ಪರದೆ ಮೇಲೆ ಮಾತ್ರ ಕನ್ನಡ. ಒಂದೊಂದು ಪ್ಯಾಕೇಜು ಒಂದೊಂದು ಮನೆಯಲ್ಲಿ ಚೂರುಗಳನ್ನ ಇಟ್ಟಿದ್ದರಿಂದ ಇವರ ಫೈಲು ಅವರಿಗೆ ಓದೋಕೆ ಬರ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಅಕ್ಷರಚೂರುಗಳಿಗೂ ಕೀಲಿಮಣೆಗೂ ಒಂದು ಶಿಷ್ಟತೆ ಗೊತ್ತುಮಾಡಿದ್ದು ಈ ಗಲಾಟೆ ತಪ್ಪಿಸೋಕೆ.

ಇದನ್ನ ಈಗ ಆಡಿಕೊಳ್ಳೋದು ಸುಲಭ. ಆದರೆ ಆ ಉಪಾಯ ಇಲ್ಲದೆ ಹೋಗಿದ್ದರೆ ವಿಂಡೋಸ್ 95, 98ರ ಕಾಲದಲ್ಲಿ ನಮಗೆ ಕನ್ನಡ ಪುಸ್ತಕ, ಪತ್ರಿಕೆ, ಮದುವೆ ಕಾರ್ಡು ಯಾವುದೂ ಕಂಪ್ಯೂಟರಿನಲ್ಲಿ ಆಗ್ತಿರಲಿಲ್ಲ. ಯುನಿಕೋಡ್ 1991ರಲ್ಲೇ ಬಂದಿತ್ತು ನಿಜ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ವಂತ ನಿವೇಶನಗಳೂ ಮಂಜೂರಾಗಿದ್ದವು. ಸೈಟು ಮಂಜೂರಾದ ತಕ್ಷಣ ಮನೆ ಕಟ್ಟಿದ ಹಾಗೆ ಆಗತ್ತಾ? ಬನಶಂಕರಿ ಕಡೆಯವರನ್ನ ಕೇಳಿ :) ಕನ್ನಡ ಯುನಿಕೋಡನ್ನ ಸರಿಯಾಗಿ ತೋರಿಸುವ ವ್ಯವಸ್ಥೆ, ತುಂಗಾ ಫಾಂಟಿನ ಜೊತೆ, ವಿಂಡೋಸಿನಲ್ಲಿ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದೂ ತಾನಾಗಿ ಬರ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಸಂಕೀರ್ಣ ಲಿಪಿ' ಅನ್ನೋ ಜಾಗದಲ್ಲಿ ಟಿಕ್ ಮಾಡಿ, ಎಕ್ಸ್‌ಪಿ ಸಿಡಿ ಹಾಕಬೇಕಿತ್ತು. ಎಲ್ಲರ ಹತ್ತಿರ ಸಿಡಿ ಎಲ್ಲಿತ್ತು ಅನ್ನೋದು ಬೇರೆ ಮಾತು.

ಸರಿ, ವಾಪಸ್ ಲ್ಯಾಪ್‌ಟಾಪಿಗೆ. ಎರಡನೇ ಶನಿವಾರ. ಈ ಸಲ ಊಹೆ ಮಾಡೋದು ಬೇಡ, ಪ್ರೋಗ್ರಾಂ ಏನು ಮಾಡ್ತಿದೆ ಅಂತ ಕಣ್ಣಾರೆ ನೋಡೋಣ ಅಂತ 'ಪ್ರಾಸೆಸ್ ಮಾನಿಟರ್' ಹಾಕಿಕೊಂಡೆ. ಇದರದ್ದೂ ಒಂದು ಕಥೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅಂತ ಇಬ್ಬರು 90ರ ದಶಕದಲ್ಲಿ ಫೈಲ್‌ಮಾನ್, ರೆಗ್‌ಮಾನ್ ಅಂತ ಎರಡು ಪುಟ್ಟ ಉಪಕರಣ ಬರೆದು ಬಿಟ್ಟಿಯಾಗಿ ಹಂಚುತ್ತಿದ್ದರು. ಯಾವ ಪ್ರೋಗ್ರಾಂ ಯಾವ ಫೈಲು ಮುಟ್ಟಿತು, ರಿಜಿಸ್ಟ್ರಿಯಲ್ಲಿ ಏನು ಓದಿತು ಅಂತ ಒಂದೂ ಬಿಡದೆ ಹೇಳುವ ಉಪಕರಣಗಳು. 2006ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಯನ್ನೇ ಕೊಂಡುಕೊಂಡಿತು, ಅದೇ ವರ್ಷ ಎರಡೂ ಸೇರಿ ಪ್ರಾಸೆಸ್ ಮಾನಿಟರ್ ಆಯಿತು. ಬಾಯಿಬಿಡದ ಪ್ರೋಗ್ರಾಮುಗಳಿಗೆ ಇದಕ್ಕಿಂತ ಒಳ್ಳೇ ಮದ್ದು ನಾನು ಕಂಡಿಲ್ಲ. ಅದು ಮಾತಾಡದಿದ್ದರೆ ಏನಂತೆ, ಎಲ್ಲೆಲ್ಲಿ ಹೋಗಿ ಬಂತು ಅಂತ ಹೆಜ್ಜೆ ಗುರುತು ಇರತ್ತಲ್ಲ.

ಐಕಾನ್ ಒತ್ತಿದೆ. ಒಂದು ಕ್ಷಣದಲ್ಲಿ ಸಾವಿರಾರು ಸಾಲು. ಇಲ್ಲಿ ಒಂದು ಅಭ್ಯಾಸ ಹೇಳ್ತೀನಿ: ಮೇಲಿನಿಂದ ಓದಬೇಡಿ, ಕೆಳಗಿನಿಂದ ಓದಿ. ಪ್ರೋಗ್ರಾಂ ಮುಗಿದದ್ದು ಕೊನೆಯಲ್ಲಿ, ಕಾರಣ ಅದಕ್ಕಿಂತ ಸ್ವಲ್ಪ ಮೇಲೆ ಇರತ್ತೆ. ಮೇಲೆ ಹೋಗ್ತಾ 'ಹೆಸರು ಅಸಿಂಧು' ಅನ್ನೋ ಅರ್ಥದ ಫಲಿತಾಂಶ ಇರೋ ಒಂದು ಸಾಲು ಕಾಣಿಸಿತು. ಪ್ರೋಗ್ರಾಂ ತನ್ನ ಸೆಟ್ಟಿಂಗ್ಸ್ ಫೈಲನ್ನ ತೆರೆಯೋಕೆ ಹೋಗಿದೆ. ಸಿ ಡ್ರೈವು, ಯೂಸರ್ಸ್ ಫೋಲ್ಡರು, ಅದರೊಳಗೆ... ಮೂರು ಪ್ರಶ್ನಾರ್ಥಕ ಚಿಹ್ನೆ.

???

"ಸಾರ್, ನಿಮ್ಮ ಅಕೌಂಟಿನ ಹೆಸರೇನು?"

"ಅದಾ, ಮೊಮ್ಮಗ ಹಾಕಿಕೊಟ್ಟಿದಾನಲ್ಲ. ನೋಡು, ಆನ್ ಮಾಡಿದ್ರೆ ಬರತ್ತೆ, ತಾತ ಅಂತ. ಕನ್ನಡದಲ್ಲೇ!" ಮೇಷ್ಟ್ರ ಮುಖದಲ್ಲಿ ಹೆಮ್ಮೆ.

ಹುಡುಗ ತನ್ನ ಅಕೌಂಟನ್ನ ಇಂಗ್ಲಿಷಿನಲ್ಲಿ ಇಟ್ಟುಕೊಂಡು, ತಾತನಿಗೆ ಪ್ರೀತಿಯಿಂದ ಕನ್ನಡದಲ್ಲಿ 'ತಾತ' ಅಂತ ಬೇರೆ ಅಕೌಂಟ್ ಮಾಡಿಕೊಟ್ಟಿದ್ದ. ವಿಂಡೋಸ್ ಆ ಹೆಸರಿನಲ್ಲೇ ಫೋಲ್ಡರ್ ಮಾಡಿದೆ. ಕಣ್ಣಿಗೆ ಎರಡು ಅಕ್ಷರ, ಪ್ರಶ್ನೆಗಳು ಮೂರು ಯಾಕೆ ಅಂದ್ರೆ ಯುನಿಕೋಡಿನಲ್ಲಿ ಅದು ತ, ದೀರ್ಘ, ತ ಅಂತ ಮೂರು ಸಂಕೇತ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ಬಂದದ್ದೂ ಈಗ ತಿಳಿಯಿತು. ಅನುಮತಿ ಗಿನುಮತಿ ಏನೂ ಅಲ್ಲ, ಮೊಮ್ಮಗನ ಪಾಸ್‌ವರ್ಡ್ ಹಾಕಿದ್ದಕ್ಕೆ ಅದು ಮೊಮ್ಮಗನ ಅಕೌಂಟಿನಲ್ಲಿ, ಅವನ ಇಂಗ್ಲಿಷ್ ಹೆಸರಿನ ಫೋಲ್ಡರಿನಲ್ಲಿ ಓಡಿತ್ತು! ಎರಡು ವಾರದ ಹಿಂದಿನ ನನ್ನ ಘೋಷಣೆ ನೆನೆಸಿಕೊಂಡು ಸುಮ್ಮನಾದೆ.

ಕನ್ನಡ ಪ್ರೋಗ್ರಾಂ ಕನ್ನಡ ಹೆಸರನ್ನ ನೋಡಿ ಸತ್ತಿತ್ತು.

ಇದು ಹೇಗೆ ಅಂದ್ರೆ, ವಿಂಡೋಸಿಗೆ ಎರಡು ಬಾಗಿಲು. 1993ರ ವಿಂಡೋಸ್ ಎನ್‌ಟಿಯಿಂದ ಒಳಗೆಲ್ಲ ಯುನಿಕೋಡ್. ಹಳೇ ಪ್ರೋಗ್ರಾಮುಗಳಿಗಾಗಿ ಇನ್ನೊಂದು ಬಾಗಿಲು, ಅದಕ್ಕೆ ಆನ್ಸಿ ಬಾಗಿಲು ಅನ್ನೋಣ. ಪ್ರತಿ ಕೆಲಸಕ್ಕೂ, ಫೈಲು ತೆರೆಯೋಕೂ, ಎರಡೆರಡು ಪ್ರತಿ. ಆನ್ಸಿ ಬಾಗಿಲಲ್ಲಿ ಹೋದರೆ 'ಕೋಡ್ ಪೇಜ್' ಅನ್ನೋ ಪಟ್ಟಿ ನೋಡಿ ಹೆಸರನ್ನ ಅನುವಾದ ಮಾಡಿ ಕೊಡತ್ತೆ. ಪಶ್ಚಿಮ ಯುರೋಪಿಗೆ 1252, ಜಪಾನಿಗೆ 932, ಚೀನಾಕ್ಕೆ 936, ಥಾಯ್ ಭಾಷೆಗೆ 874, ಅರಬ್ಬಿಗೆ 1256. ಪಟ್ಟಿಯಲ್ಲಿ ಇಲ್ಲದ ಅಕ್ಷರ ಬಂದರೆ ಅದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಫೈಲ್ ಹೆಸರಿನಲ್ಲಿ ಆ ಚಿಹ್ನೆ ಇರುವ ಹಾಗೇ ಇಲ್ಲ, ಡಾಸ್ ಕಾಲದಿಂದ ಅದಕ್ಕೆ 'ಯಾವುದಾದರೂ ಒಂದು ಅಕ್ಷರ' ಅಂತ ಬೇರೆ ಅರ್ಥ. ಹಾಗಾಗಿ ಹೆಸರು ಅಸಿಂಧು.

ಕನ್ನಡಕ್ಕೆ ಯಾವ ಕೋಡ್ ಪೇಜ್? ಯಾವುದೂ ಇಲ್ಲ! ಹಿಂದಿಗೂ ಇಲ್ಲ, ತಮಿಳಿಗೂ ಇಲ್ಲ. ಮೈಕ್ರೋಸಾಫ್ಟ್ ಭಾರತದ ಭಾಷೆಗಳನ್ನ ವಿಂಡೋಸ್ 2000, ಎಕ್ಸ್‌ಪಿ ಹೊತ್ತಿಗೆ ತಂದಾಗ ಯುನಿಕೋಡ್ ಬಂದಾಗಿತ್ತು, ಇನ್ನು ಹಳೇ ನಮೂನೆ ಪಟ್ಟಿ ಯಾಕೆ ಅಂತ ಬಿಟ್ಟರು. 57008 ಅಂತ ಒಂದು ಸಂಖ್ಯೆ ಕನ್ನಡಕ್ಕಿದೆ. ಅದು ನಮ್ಮ ಇಸ್ಕಿ ಸಂಕೇತದ ಪರಿವರ್ತನೆಗೆ ಮಾತ್ರ, ಆ ಬಾಗಿಲಲ್ಲಿ ನಡೆಯಲ್ಲ. ತೀರ್ಮಾನ ತಪ್ಪು ಅಂತ ನಾನು ಹೇಳಲ್ಲ, ತಾತ್ವಿಕವಾಗಿ ಸರಿಯೇ. ಆದರೆ 2001ರಲ್ಲಿ ಬೆಂಗಳೂರಿನ ಕಚೇರಿಗಳಲ್ಲಿ, ಅಚ್ಚುಕೂಟಗಳಲ್ಲಿ ಓಡ್ತಿದ್ದದ್ದು ವಿಂಡೋಸ್ 98. ಅದರಲ್ಲಿ ಯುನಿಕೋಡ್ ಬಾಗಿಲು ಬಹುಪಾಲು ಗೋಡೆ ಮೇಲೆ ಬರೆದ ಚಿತ್ರ, ತಳ್ಳಿದರೆ ತೆರೆಯಲ್ಲ. ಕನ್ನಡ ಪ್ಯಾಕೇಜ್ ಬರೆಯೋನು 98ರಲ್ಲಿ ಓಡಿಸಲೇಬೇಕು, ಹಾಗಾಗಿ ಆನ್ಸಿ ಬಾಗಿಲು. ವಿಬಿ 6 ಒಳಗೊಳಗೆ ಪದಗಳನ್ನ ಯುನಿಕೋಡಿನಲ್ಲೇ ಇಟ್ಟುಕೊಂಡರೂ ಹೊರಗೆ ಕೊಡುವಾಗ ಆನ್ಸಿಗೆ ಇಳಿಸಿಯೇ ಕೊಡೋದು. ಕನ್ನಡವನ್ನ ಇಂಗ್ಲಿಷಿನ ವೇಷದಲ್ಲಿ ಕುಣಿಸಿದ್ದರಿಂದ ಅವರಿಗೆ ಯಾವ ತೊಂದರೆಯೂ ಕಾಣಲಿಲ್ಲ. ಮುಂದೊಂದು ದಿನ ಕಂಪ್ಯೂಟರಿನ ಒಡೆಯನ ಹೆಸರೇ ನಿಜವಾದ ಕನ್ನಡದಲ್ಲಿ ಇರಬಹುದು ಅಂತ ಯಾರು ಕನಸು ಕಂಡಿದ್ದರು?

ಕಾರಣ ಸಿಕ್ಕಿತು ಅಂತ ಹುಮ್ಮಸ್ಸಿನಲ್ಲಿ ನಾನು ಮಾಡಿದ ಕಿತಾಪತಿ ಕೇಳಿ. ವಿಂಡೋಸ್ 10ರಲ್ಲಿ 2018ರಿಂದ 'ಬೀಟಾ' ಅಂತ ಹಣೆಪಟ್ಟಿ ಹಚ್ಚಿದ ಒಂದು ಆಯ್ಕೆ ಇದೆ. ಹಳೇ ಆನ್ಸಿ ಬಾಗಿಲಿಗೆ ಯುಟಿಎಫ್-8 ಅನ್ನೇ ಕೋಡ್ ಪೇಜ್ ಮಾಡೋದು. ಆಗ ಎಲ್ಲ ಭಾಷೆಯ ಹೆಸರೂ ಅಲ್ಲಿಂದ ದಾಟತ್ತೆ. ಟಿಕ್ ಮಾಡಿ ರೀಸ್ಟಾರ್ಟ್ ಮಾಡಿದೆ. 'ತಾತ' ಲಾಗಿನ್ನಿನಲ್ಲೇ ಪ್ರೋಗ್ರಾಂ ಬಂತು! ಮೇಷ್ಟ್ರು ಮೊದಲ ಅಧ್ಯಾಯದ ಫೈಲು ತೆರೆದರು.

ಪುಟದ ತುಂಬ ಚೌಕ ಚೌಕ ಡಬ್ಬಿಗಳು, ನಡುವೆ ಅಲ್ಲೊಂದು ಇಲ್ಲೊಂದು ಕನ್ನಡದ ಚೂರು.

ಮೇಷ್ಟ್ರು ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ನೋಡಿದರು. ನನಗೆ ಹೊಟ್ಟೆಯಲ್ಲಿ ಸಂಕಟ. ಆಮೇಲೆ ಹೊಳೆಯಿತು. ಹಳೇ ಕನ್ನಡ ಕೂತಿದ್ದದ್ದು ಆ ಫ್ರೆಂಚ್, ಜರ್ಮನ್ ಅಕ್ಷರಗಳ ಮನೆಗಳಲ್ಲಿ, 128ರ ಮೇಲಿನ ಸಂಖ್ಯೆಗಳಲ್ಲಿ. 1252 ಪಟ್ಟಿ ಇದ್ದರೆ ಆ ಮನೆಗಳಿಗೆ ಅರ್ಥ. ಯುಟಿಎಫ್-8ರಲ್ಲಿ ಆ ಸಂಖ್ಯೆಗಳು ಒಂಟಿಯಾಗಿ ಬರುವ ಹಾಗಿಲ್ಲ, ಬಂದರೆ ಕಸ. ತಾತನ ಹೆಸರು ಉಳಿಸಿದರೆ ತಾತನ ಪುಸ್ತಕ ಹೋಗತ್ತೆ, ಪುಸ್ತಕ ಉಳಿಸಿದರೆ ಹೆಸರು ಪ್ರಶ್ನೆಚಿಹ್ನೆ. ಸೇವ್ ಮಾಡದೆ ಮುಚ್ಚಿ, ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಫೈಲಿಗೆ ಏನೂ ಆಗಿರಲಿಲ್ಲ. (ದಯವಿಟ್ಟು ಇಂಥ ಪ್ರಯೋಗಕ್ಕೆ ಮುಂಚೆ ಪೆನ್‌ಡ್ರೈವ್ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ನಾನು ಮಾಡಿದ್ದು ಆಮೇಲೆ.)

ಕೊನೆಗೆ ಮಾಡಿದ್ದು ತೀರಾ ಸಾಧಾರಣ. ಮೊದಲು ಅಕೌಂಟಿನ ಹೆಸರನ್ನ ಬದಲಾಯಿಸಿ ನೋಡಿದೆ, ಆಗಲಿಲ್ಲ, ಯಾಕಂದ್ರೆ ಅಕೌಂಟ್ ಹುಟ್ಟಿದಾಗ ಆದ ಫೋಲ್ಡರ್ ಹೆಸರು ಹಾಗೇ ಉಳಿಯತ್ತೆ. ಇದೇ ಗುಣವನ್ನ ತಿರುಗಿಸಿ ಉಪಯೋಗಿಸಿಕೊಂಡೆ. ಇಂಗ್ಲಿಷ್ ಅಕ್ಷರದಲ್ಲಿ ಹೊಸ ಅಕೌಂಟ್ ಮಾಡಿದೆ, ಫೋಲ್ಡರ್ ಇಂಗ್ಲಿಷಿನಲ್ಲಿ ಆಯಿತು. ಆಮೇಲೆ ಅಕೌಂಟಿನ ಹೆಸರನ್ನ 'ತಾತ' ಅಂತ ಕನ್ನಡಕ್ಕೆ ಬದಲಾಯಿಸಿದೆ. ಆನ್ ಮಾಡಿದರೆ ಪರದೆಯಲ್ಲಿ ಈಗಲೂ ತಾತ ಅಂತಲೇ ಬರತ್ತೆ. ಮೊಮ್ಮಗನಿಗೆ ಬೇಜಾರಿಲ್ಲ, ಪ್ರೋಗ್ರಾಮಿಗೂ ಗೊತ್ತಾಗಲಿಲ್ಲ.

ಐಕಾನ್ ಒತ್ತಿದರು. ಬಂತು. ಫೈಲು ತೆರೆದರು. ಕನ್ನಡ!

ಒಂದೊಂದೇ ಅಧ್ಯಾಯವನ್ನ ಆರ್‌ಟಿಎಫ್ ಆಗಿ ಉಳಿಸಿಕೊಂಡು, ಯುನಿಕೋಡಿಗೆ ಬದಲಾಯಿಸೋಕೆ ಪೈಥಾನಿನಲ್ಲಿ ಒಂದು ಸಣ್ಣ ಪರಿವರ್ತಕ ಬರೆದೆ. ಅರ್ಕಾವೊತ್ತು ಚೆನ್ನಾಗಿ ಕಾಡಿತು. ಹಳೇ ಫಾಂಟಿನಲ್ಲಿ 'ಸೂರ್ಯ' ಬರೆಯುವಾಗ ಯಕಾರದ ಆಮೇಲೆ ಅರ್ಕಾವೊತ್ತು, ಯುನಿಕೋಡಿನಲ್ಲಿ ರಕಾರ ಮೊದಲು. ಪ್ರತಿ ಕಡೆ ಹಿಂದೆ ಮುಂದೆ ಮಾಡಬೇಕು. ಇನ್ನು ಮೇಷ್ಟ್ರು ಕೆಲವು ಕಡೆ ಅನುಸ್ವಾರದ ಬದಲು ಸೊನ್ನೆ ಅಂಕಿಯನ್ನೇ ಹೊಡೆದಿದ್ದರು. ನೋಡೋಕೆ ಒಂದೇ ಥರ, ಹುಡುಕಿದರೆ ಸಿಗಲ್ಲ. ಅವನ್ನೆಲ್ಲ ಅವರೇ ಕಣ್ಣಿಟ್ಟು ತಿದ್ದಬೇಕು, ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದೀನಿ.

ಮೊದಲ ಅಧ್ಯಾಯ ಬದಲಾಯಿಸಿ ತೋರಿಸಿದ ದಿನ ಕೆರೆ ಏರಿ ಒಡೆದ ರಾತ್ರಿಯ ಪುಟ ಬಂತು. ಊರಿನ ನೀರುಗಂಟಿಯೊಬ್ಬರು ಹೇಳಿದ್ದು, ಅವರ ಮಾತಿನ ಧಾಟಿಯಲ್ಲೇ ಇದೆ. ಮೇಷ್ಟ್ರು ಗಟ್ಟಿಯಾಗಿ ಓದ್ತಾ ಹೋದರು, ನಡುವೆ ನಿಲ್ಲಿಸಿ, "ಇವನು ಹೋಗಿ ಹದಿನಾಲ್ಕು ವರ್ಷ ಆಯ್ತಮ್ಮ. ಹೀಗೇ ಮಾತಾಡೋನು ನೋಡು" ಅಂದರು. ಆಮೇಲೆ ಮತ್ತೆ ಓದೋಕೆ ಶುರು ಮಾಡಿದರು. ಅಮ್ಮ ಎರಡು ಸಲ ಕಾಫಿ ಬಿಸಿ ಮಾಡಬೇಕಾಯಿತು.

ನಿನ್ನೆ ರಾತ್ರಿವರೆಗೆ 61 ಪುಟ ತಿದ್ದಿ ಮುಗಿಸಿದ್ದಾರೆ.